ಆಷಾಢದ ತಾರೀಖು

ಆಷಾಢದಲ್ಲಿ ಹೊಸ ಅಳಿಯ ಅತ್ತೆಮನೆಯ ಹೊಸ್ತಿಲು ತುಳಿಯಬಾರದು. ಗುರುಸಂಗಪ್ಪ ತುಳಿಯಲಿಲ್ಲ ಬಿಡಿ. ಹೊಳೆಆಲೂರು ಸ್ಟೇಷನ್ನಿನಲ್ಲಿ ನಿಂತು, ತವರಿಗೆ ಬಂದಿದ್ದ ಹೆಂಡತಿಗೆ ಫೋನ್ ಮಾಡಿದ, ಅಷ್ಟೇ.

ಶೈಲಶ್ರೀ ಏದುಸಿರು ಬಿಡುತ್ತಾ ಬಂದಳು.

“ಯಾರರ ನೋಡಿದ್ರ ಏನ್ ಗತಿ? ಯಾಕ ಬಂದ್ರಿ?”

“ಹದಿನೈದು ದಿನ ಆತು ನಿನ್ನ ಮಾರಿ ನೋಡಿ...”

ಬನಶಂಕರಿಗೆ ಹೋಗಿ ಬರುತ್ತೇನೆಂದು ಅವ್ವನಿಗೆ ಸುಳ್ಳು ಹೇಳಿ ಬಂದವಳು, ಅವನ ಜೊತೆ ಬಾದಾಮಿಯ ರೈಲು ಹತ್ತಿದಳು. ಗುಡಿಗೆ ಹೋಗಲಿಲ್ಲ. ಲಾಡ್ಜಿನ ರಿಜಿಸ್ಟರಿನಲ್ಲಿ ಹೆಸರು ಬರೆಯುವಾಗ, ಪಕ್ಕದಲ್ಲಿದ್ದವನು ತಾಳಿ ಕಟ್ಟಿದ ಗಂಡನೇ ಆದರೂ, ಅವಳ ಕಿವಿ ಬಿಸಿಯಾಗಿತ್ತು.

ತವರಿನಲ್ಲೇ ನಾಗರ ಪಂಚಮಿ ಮುಗಿಸಿ ಅಬ್ಬಿಗೇರಿಗೆ, ಗಂಡನ ಮನೆಗೆ ಮರಳಿದಳು. ಶ್ರಾವಣದ ಕೊನೆಗೆ ಬಸಿರು ಖಾತ್ರಿಯಾಯಿತು. ಜೊತೆಗೇ ಕಿಬ್ಬೊಟ್ಟೆಯ ಒಂದು ಬದಿಗೆ ನೋವು... ಅತ್ತೆ ಸಿದ್ದವ್ವ ಮಗ ಸೊಸೆ ಇಬ್ಬರನ್ನೂ ರೋಣದ ದವಾಖಾನೆಗೆ ಕರೆತಂದಳು.

“ಕಡೀಕ ಮುಟ್ಟಾಗಿದ್ದು ಯಾವಾಗ?” ಡಾಕ್ಟರ್ ದುರ್ಗಾ ಕೇಳಿದರು.

ಆಷಾಢ ಹುಟ್ಟುವ ಮುಂಚಿನ ಮಣ್ಣೆತ್ತಿನ ಅಮಾವಾಸ್ಯೆಗೆ... ಮಾತು ನಾಲಗೆಯ ತುದಿಗೆ ಬಂತು. ಆದರೆ ಪಕ್ಕದಲ್ಲೇ ಅತ್ತೆ! ಲೆಕ್ಕ ಹಾಕಿದರೆ ಬಸಿರು ನಿಂತದ್ದು ಆಷಾಢದಲ್ಲಿ, ತವರಿನಲ್ಲಿದ್ದಾಗ. ಅತ್ತೆ ಏನು ತಿಳಿದುಕೊಂಡಾರು?

“ನಾಗರ ಅಮಾಸಿಗ್ರಿ,” ಎಂದಳು, ಆಷಾಢ ಮುಗಿಯುವ ದಿನ. ಇಡೀ ಒಂದು ತಿಂಗಳು ನುಂಗಿಬಿಟ್ಟಳು.

ಸ್ಕ್ಯಾನ್ ಮಾಡಿದ ಡಾಕ್ಟರ್ ಹುಬ್ಬು ಗಂಟಿಕ್ಕಿದರು. “ಗರ್ಭಚೀಲದಾಗ ಏನೂ ಕಾಣವಲ್ದು. ನಾಕು ವಾರಕ್ಕ ಕಾಣಂಗಿಲ್ಲ ಬಿಡ್ರಿ, ಹತ್ತು ದಿನ ಬಿಟ್ಟು ನೋಡೂಣು. ತಾರೀಖು ಖರೇ ಐತಿಲ್ಲ?”

ಶೈಲಶ್ರೀ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

‘ಒಂದು ಮಾತು ಆಡಬಾರದೇ? ಬಾದಾಮಿಗೆ ಕರೆದೊಯ್ಯುವಾಗ ಇಲ್ಲದ ನಾಚಿಕೆ ಈಗ ಬಂತೇ?’

“ಖರೇ ಐತ್ರಿ,” ಎಂದಳು.

ಬಾಗಿಲವರೆಗೆ ನಡೆದಳೋ ಇಲ್ಲವೋ, ಹೊಟ್ಟೆ ಹಿಡಿದು ಗೋಡೆಗೆ ಒರಗಿದಳು.

“ಡಾಕ್ಟ್ರ, ತಾರೀಖು ಸುಳ್ಳೈತ್ರಿ.” ಗುರುಸಂಗಪ್ಪ ಹೆಂಡತಿಯ ತೋಳು ಹಿಡಿದು ಡಾಕ್ಟರ್ ಕಡೆ ತಿರುಗಿದ. “ಮಣ್ಣೆತ್ತಿನ ಅಮಾಸಿದು. ಆಷಾಢದಾಗ ನಾನ ಹೋಗಿದ್ದೆ. ಬಾದಾಮಿ ಲಾಡ್ಜಿನ್ಯಾಗ ಇದ್ವಿ... ಅವ್ವಾ, ಆಕಿದೇನೂ ತಪ್ಪಿಲ್ಲ. ನಾನ ಕರದಿದ್ದೆ.”

ಹೊರಗೆ ಕಾಯುತ್ತಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಶೈಲಶ್ರೀಗೆ.

ಡಾಕ್ಟರಿಗೆ ಅದ್ಯಾವುದೂ ಬೇಕಿರಲಿಲ್ಲ. “ಎಂಟು ವಾರ ಅಂದ್ರ ಕೂಸು ಚೀಲದಾಗ ಕಾಣಲೇಬೇಕು,” ಎಂದು ಮತ್ತೆ ಮಲಗಿಸಿ, ಮೂಲೆ ಮೂಲೆ ಹುಡುಕಿದರು.

“ಸಿಕ್ತು. ಗರ್ಭಚೀಲಕ್ಕ ನಳಿಕಿ ಕೂಡೋ ಮೂಲ್ಯಾಗ, ಚೀಲದ ಗ್ವಾಡಿಯೊಳಗ ಬೆಳದೈತಿ. ಭಾಳ ಅಪರೂಪ. ಒಡದ್ರ ಆಕಿ ಜೀವಕ್ಕ ಕುತ್ತು. ಈಗಿಂದೀಗ ಗದಗಿಗೆ ಹೊಂಡ್ರಿ.”

ಸಿದ್ದವ್ವ ತನ್ನ ಸೆರಗಿನಿಂದ ಸೊಸೆಯ ಮುಖ ಒರೆಸಿದಳು. “ನನಗ ಅಂಜಿ ಸಾಯಾಕ ಹೊಂಟಿದ್ದೇನ, ಹುಚ್ಚಿ?”

ಆಪರೇಷನ್ ಆಗಿ ಮೂರನೇ ದಿನ ಶೈಲಶ್ರೀ ಎದ್ದು ಕುಳಿತಳು. ಕೂಸು ಉಳಿಯಲಿಲ್ಲ. ಆ ಜಾಗದಲ್ಲಿ ಉಳಿಯುವಂಥದ್ದೂ ಆಗಿರಲಿಲ್ಲ.

“ಸುಳ್ಳು ಹೇಳಿದಾಕಿ ನಾ...” ಅವಳ ಕಣ್ಣು ತುಂಬಿತು.

“ಸುಮ್ಮನ ನಿಂತಾಂವ ನಾ. ನೀ ನನ್ನ ಕಡೆ ನೋಡಿದ್ದು ಗೊತ್ತಿದ್ದೂ ನೆಲಾ ನೋಡಿದೆ. ಇನ್ನೊಂದು ಗಳಿಗಿ ತಡಾ ಆಗಿದ್ರ...”

ಅವಳು ಅವನ ಕೈ ಹಿಡಿದುಕೊಂಡಳು.

“ಒಂದು ತಿಂಗಳು ತವರಾಗ ಇರು ಅಂದಾರ ಅತ್ತಿ. ಮತ್ತ ಸ್ಟೇಷನ್ನಿಗೆ ಬರ್ತೀರೇನ್ರಿ?”

“ಇಲ್ಲ.”

ಅವಳ ಮುಖ ಬಾಡಿತು.

“ಮನೀಗೇ ಬರ್ತೀನಿ, ಶೈಲಾ. ಹೊಸ್ತಿಲಾ ತುಳದು, ಎಲ್ಲಾರ ಮುಂದ ನಿನ್ನ ಬಾಜೂಕ ಕುಂದರ್ತೀನಿ.”