ಚರಗದ ಹಿಂದೆ ನೀರು ಹಾಕುವವಳು

"ಏಯ್! ಕೈ ತಗೀರಿ! ಅದನ್ನ ಮುಟ್ಟಬ್ಯಾಡ್ರಿ!"

ನೀಲಾಂಬಿಕಾಳ ಕೂಗಿಗೆ ಹುಲ್ಲಗುಡ್ಡದ ಮೇಲಿದ್ದವರೆಲ್ಲ ಕೆಲಸ ಬಿಟ್ಟು ತಿರುಗಿದರು. ಅವನೊಬ್ಬ ಮಾತ್ರ ತಿರುಗಲಿಲ್ಲ. ಮಂಡಿಯೂರಿ ಕುಳಿತವನು ಮಣ್ಣು ಕೆದರಿ ಇನ್ನೊಂದು ಬೇವಿನ ಸಸಿಯನ್ನು ಬೇರುಸಮೇತ ಕಿತ್ತೇಬಿಟ್ಟ! ಪಕ್ಕದ ಹಸಿ ಗೋಣಿಚೀಲದ ಮೇಲೆ ಆಗಲೇ ಸಸಿಗಳ ರಾಶಿ ಬಿದ್ದಿತ್ತು.

ಆ ಸಸಿಗಳಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಚೂರುಗಳು... ಅವ್ವನ ಇಳಕಲ್ ಸೀರೆಯ ಸೆರಗಿನವು!

ಸಸಿಗಳಿಗೆಂದು ಗುಡ್ಡದ ಕೆಳಗಿನ ಬೋರಿನಿಂದ ಹೊತ್ತು ತಂದಿದ್ದ ಕೊಡ ಅವಳ ಸೊಂಟದ ಮೇಲಿತ್ತು. ತಾನೇನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯುವ ಮೊದಲು ಆ ಕೊಡ ಅವನ ತಲೆಯ ಮೇಲೆ ಬೋರಲಾಗಿತ್ತು!

"ಯವ್ವಾ!" ಎಂದು ಹೌಹಾರಿ ಎದ್ದ ಅವನು.

"ಅರೇ ಬೇಟಿ, ಜಳಕ ಮಾಡ್ಸೋದಿದ್ರ ಸಾಬೂನೂ ತರಬೇಕಿಲ್ಲೋ!" ಎಂದರು ಶಹಾಬುದ್ದೀನ ಚಾಚಾ. ಎಲ್ಲರೂ ಗೊಳ್ಳೆಂದರು.

ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಚಾಚಾನಿಗೆ ಜನ ಕೂಡಿಸುವ ಚಟ ಮಾತ್ರ ಹೋಗಿರಲಿಲ್ಲ. ಚಿಕ್ಕೇರೂರಿಗೂ ಮಾಸೂರಿಗೂ ನಡುವೆ, ಜಿಂಕೆಗಳಿಗೂ ಹಕ್ಕಿಗಳಿಗೂ ಅಂತ ಊರವರು ಬಿಟ್ಟಿದ್ದ ಈ ಹುಲ್ಲಗುಡ್ಡಕ್ಕೆ ಪ್ರತಿ ಭಾನುವಾರ ಹತ್ತಾರು ಜನರನ್ನು ಹೊರಡಿಸಿಕೊಂಡು ಬರುತ್ತಿದ್ದರು. ಬಾಟಲಿ ಹೆಕ್ಕುವುದು, ಜಾಲಿಮುಳ್ಳು ಕಡಿಯುವುದು, ಕೊನೆಗೆ ಗುಡ್ಡದ ಮೇಲೇ ರೊಟ್ಟಿ ಬುತ್ತಿ ಬಿಚ್ಚುವುದು. ಕೂಲಿಯಿಲ್ಲ, ಸಂಬಳವಿಲ್ಲ. ಎಲ್ಲರೂ ತಾವಾಗಿ ಬಂದವರೇ.

ಆದರೆ ಇವತ್ತು ನೀಲಾಂಬಿಕಾ ನಗುವ ಸ್ಥಿತಿಯಲ್ಲಿರಲಿಲ್ಲ.

"ನಿಮಗೇನ್ ಹುಚ್ಚ ಹಿಡದೈತೇನ್ರಿ?"

"ಹುಚ್ಚ ಹಿಡದದ್ದು ನನಗಲ್ಲರಿ, ಇಲ್ಲಿ ಗಿಡ ನೆಟ್ಟವರಿಗೆ!" ಮುಖದ ನೀರು ಒರೆಸಿಕೊಳ್ಳುತ್ತ ಅವನೂ ದನಿಯೇರಿಸಿದ. "ಗೌಜಲ ಹಕ್ಕಿ ಈ ಹುಲ್ಲಿನ್ಯಾಗ, ನೆಲದ ಮ್ಯಾಲ ಮೊಟ್ಟಿ ಇಡ್ತೈತಿ. ಗಿಡ ಎತ್ರ ಆದ್ರ ಕಾಗಿ, ಹದ್ದು ಬಂದು ಕುಂದರ್ತಾವು. ಒಂದ್ ಮರೀನೂ ಉಳಿಯಂಗಿಲ್ಲ. ಯಾರೋ ತಲಿ ಇಲ್ಲದವರು ಫೋಟೋ ಹೊಡಸ್ಕೊಳ್ಳಾಕ ನೆಟ್ಟು ಹೋಗ್ಯಾರ!"

ಫೋಟೋ...?

ಅವಳು ಆ ಕೆಂಪು ಚೂರುಗಳತ್ತ ಕೈ ತೋರಿಸಿದಳು.

"ಬೀಜ ಊರಿದಾಕಿ ನಮ್ಮವ್ವರಿ. ಖಾಲಿ ಹಾಲಿನ ಪಾಕೀಟಿನ್ಯಾಗ. ಅವು ಮೊಳಕಿ ಒಡಿಯೋದ್ರಾಗ ಆಕಿನ ಮಣ್ಣಿಗಿ ಹೋದ್ಲು. ಹುಲ್ಲಗುಡ್ಡದಾಗ ನೆಡೂನು ಅಂದಿದ್ಲು... ನೆಟ್ಟೆ. ಅಷ್ಟ."

ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. "ನನಗ... ಗೊತ್ತಿರಲಿಲ್ಲರಿ..."

ಆದರೆ ಕೇಳಲು ಅವಳು ಅಲ್ಲಿದ್ದರೆ ತಾನೆ? ಖಾಲಿ ಕೊಡವನ್ನೂ ಬಿಟ್ಟು ಇಳಿಜಾರಿನಲ್ಲಿ ಓಡುತ್ತಿದ್ದಳು.

ಅವನ ಹೆಸರು ಮಾಲತೇಶ, ಮಾಸೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿಯವನು ಎಂದು ಅವಳಿಗೆ ತಿಳಿದದ್ದು ಆಮೇಲೆ, ಚಾಚಾ ಅವಳ ಹೊಲಿಗೆ ಅಂಗಡಿಗೆ ಬಂದಾಗ.

"ಅವ ಹಂಗ ಮಾತಾಡಿದ್ದು ತಪ್ಪು," ಎಂದರು ಚಾಚಾ, ಮಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂರುತ್ತ. "ಆದ್ರ ಬೇಟಿ, ಯಾರನ್ನೂ ಕೇಳದ ನೆಟ್ಟಿದ್ದು ಸರಿಯೇನು?"

"ಗಿಡ ನೆಡಾಕ ಯಾರರ ಪರವಾನಗಿ ಕೇಳ್ತಾರೇನ್ರಿ?"

"ಹಕ್ಕಿನ್ನ ಕೇಳಬೇಕಿತ್ತು. ಬಾ, ಐತವಾರ ಒಂದು ತೋರಸ್ತೇನಿ."

ಹೋಗಬಾರದು ಎಂದುಕೊಂಡೇ ಹೋದಳು. ತಾನು ತೋಡಿದ್ದ ಗುಂಡಿಯ ಪಕ್ಕದ ಹುಲ್ಲನ್ನು ಚಾಚಾ ಮೆಲ್ಲಗೆ ಸರಿಸಿದಾಗ ಬೆಚ್ಚಿಬಿದ್ದಳು. ಅಂಗೈಯಷ್ಟು ತಗ್ಗಿನಲ್ಲಿ ಪುಟ್ಟ ಪುಟ್ಟ ಮೊಟ್ಟೆಗಳು! ಅಂದು ತನ್ನ ಕಾಲು ಒಂದು ಗೇಣು ಆಚೆ ಬಿದ್ದಿದ್ದರೆ...?

'ಅವ್ವಾ, ನಾವಿಬ್ಬರೂ ಇದನ್ನ ನೋಡಿರಲಿಲ್ಲ...'

ಅಂದಿನಿಂದ ಅವಳೂ ಪ್ರತಿ ಭಾನುವಾರ ಜಾಲಿಮುಳ್ಳು ಕಡಿಯಲು ನಿಂತಳು. ಹಕ್ಕಿಯ ಮೇಲಿನ ಮುನಿಸೇನೋ ಕರಗಿತ್ತು. ಅವನ ಮೇಲಿನದು? ಅವಳ ಕಡೆ ನೋಡುತ್ತಿದ್ದ, ಅವಳು ನೋಡಿದರೆ ತಲೆ ತಗ್ಗಿಸುತ್ತಿದ್ದ, ಎಲ್ಲರಿಗಿಂತ ಮೊದಲೇ ಗುಡ್ಡ ಇಳಿದು ಮಾಯವಾಗುತ್ತಿದ್ದ.

ಒಮ್ಮೆ ತಡೆಯಲಾರದೆ ಅಡ್ಡ ನಿಂತು ಕೇಳಿಯೇಬಿಟ್ಟಳು.

"ನನ್ನ ಸಸಿ ಏನ್ ಮಾಡಿದ್ರಿ?"

ಅವನ ಬಣ್ಣವೇ ಇಳಿಯಿತು. "ಈಗ ಕೇಳಬ್ಯಾಡ್ರಿ... ಕೈ ಮುಗೀತೇನಿ."

ಅಷ್ಟೇ. ಅವಳೊಳಗೆ ಏನೋ ಮುರಿಯಿತು. ಒಣಗಿಸಿದ್ದಾನೆ! ಎಲ್ಲೋ ಒಗೆದಿದ್ದಾನೆ! ಈ ಕಣ್ಣು ತಗ್ಗಿಸುವವನನ್ನು ನೋಡಿ ತಾನು ಎಲ್ಲಿಯೋ ಒಂದು ಚೂರು ಕರಗಿದ್ದೆನಲ್ಲಾ... ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಸೀಗಿ ಹುಣ್ಣಿಮೆ ಬಂತು. ಬಸುರಿಯಾದ ಭೂಮಿತಾಯಿಯ ಬಯಕೆ ತೀರಿಸುವ ದಿನ. ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರಲ್ಲ, ಅದೇ ಚರಗ. ಈ ಸಲ ಹುಲ್ಲಗುಡ್ಡಕ್ಕೂ ಚರಗ ಚೆಲ್ಲಬೇಕೆಂದು ಭಾನುವಾರದ ಬಳಗದಲ್ಲಿ ಮಾತೆತ್ತಿದವನು ಮಾಲತೇಶ.

"ಈ ನೆಲಕ್ಕ ಮಾಲಕರಿಲ್ಲ ಅಂದ್ರ, ಬಯಕಿ ತೀರಸೋರೂ ಇರಬಾರದೇನು?" ಎಂದಿದ್ದನಂತೆ.

ಮಾತು ನೀಲಾಂಬಿಕಾಳ ಎದೆಗೆ ನಾಟಿತ್ತು. ಸಿಟ್ಟಿಟ್ಟುಕೊಂಡೇ ಕಡುಬು, ಪುಂಡಿಪಲ್ಯ ಕಟ್ಟಿಕೊಂಡು ಬಂದಳು.

ಗುಡ್ಡದ ಬುಡದಲ್ಲಿ ಒಬ್ಬ ಹೆಂಗಸು ಅವಳ ಕೈ ಗಕ್ಕನೆ ಹಿಡಿದಳು.

"ನೀನ ಏನವ್ವಾ, ನನ್ನ ಮಗನ ತಲಿ ಮ್ಯಾಲ ಕೊಡ ಸುರುವಿದಾಕಿ?"

ನೀಲಾಂಬಿಕಾ ಒಂದು ಹೆಜ್ಜೆ ಹಿಂದೆ ಸರಿದಳು. "ಅದು... ಅಮ್ಮಾರ..."

"ಚಲೋ ಮಾಡಿದಿ! ಸಣ್ಣಾಂವ ಇದ್ದಾಗ ನಾ ಸುರುವಬೇಕಿತ್ತು. ನಾ ಮಹಾದೇವಕ್ಕ, ಅವರವ್ವ. ಬಾ ಇಲ್ಲೆ. ನಿನ್ನ ಮಕ್ಕಳು ದಾರಿ ಕಾಯಾಕತ್ತಾವು."

"ನನ್ನ... ಮಕ್ಕಳಾ?!"

ಮಹಾದೇವಕ್ಕ ಅವಳನ್ನು ಪಕ್ಕದ ತಮ್ಮ ಹೊಲಕ್ಕೆ ಎಳೆದುಕೊಂಡೇ ಹೋದಳು. ನೀಲಾಂಬಿಕಾ ಕಲ್ಲಾಗಿ ನಿಂತಳು.

ಬದುವಿನ ಉದ್ದಕ್ಕೂ ಸಾಲು ಹಿಡಿದು ಬೇವು, ಹುಣಸೆ, ನೇರಳೆ... ಮೊಣಕಾಲೆತ್ತರದ ಹಸಿರು! ಒಂದೊಂದಕ್ಕೂ ಅವ್ವನ ಸೆರಗಿನ ಕೆಂಪು ಚೂರು!

ಅವಳು ಅಲ್ಲೇ ಕುಸಿದು ಕುಳಿತಳು. ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ.

ತಲೆಯೆತ್ತಿದರೆ ಎದುರಿಗೆ ಮಾಲತೇಶ, ಕೈಯಲ್ಲಿ ಚರಗದ ಬುಟ್ಟಿ.

"ಎರಡು ಸತ್ವುರಿ..." ತಪ್ಪಿತಸ್ಥನಂತೆ ಹೇಳಿದ.

"ಯಾಕ ಹೇಳಲಿಲ್ಲ? ಕೇಳಿದ್ನಲ್ಲರಿ... ಆವಾಗರ ಹೇಳಬಾರದಿತ್ತ?"

"ಆವಾಗ ಎಲ್ಲಾ ಎಲಿ ಉದುರಿಸಿ ಕಡ್ಡಿ ಆಗಿದ್ವು. ಬೇರು ಹಿಡದಾವು ಅಂತ ಖಾತ್ರಿ ಇಲ್ಲದ ಹ್ಯಾಂಗ ಹೇಳ್ಲಿ? ಒಮ್ಮೆ ಅವ್ವನ್ನ ಕಳಕೊಂಡೀರಿ. ನನ್ನ ಕೈಯಿಂದ ಇನ್ನೊಮ್ಮೆ ಕಳಕೊಳ್ಳೋದು ಬ್ಯಾಡ ಅನಿಸ್ತು."

ಅಯ್ಯೋ... ಪ್ರತಿ ವಾರವೂ ಗುಡ್ಡದಿಂದ ಬೇಗ ಮಾಯವಾಗುತ್ತಿದ್ದುದು ಇದಕ್ಕಾಗಿಯೇ? ತಾನೋ, ಅವನಿಗೆ ಹಾಕದ ಶಾಪವಿಲ್ಲ!

"ಹೊತ್ತಾತು, ಚರಗ ಚೆಲ್ಲಪಾ," ಎಂದಳು ಮಹಾದೇವಕ್ಕ. "ಇವರಪ್ಪ 'ಹುಲಿಗ್ಯೋ' ಅಂತ ಚೆಲ್ಲತಿದ್ರ 'ಚಳ್ಳಂಬರಿಗ್ಯೋ' ಅಂತ ಹಿಂದ ನೀರು ಹಾಕೋಳು ನಾನ. ಈಗ ಮೊಣಕಾಲು ಒಲ್ಲೆ ಅಂತಾವು. ತಗೋ ಯವ್ವಾ, ನೀ ಹಾಕು."

ನೀರಿನ ತಂಬಿಗೆ ನೀಲಾಂಬಿಕಾಳ ಕೈಗೆ ಬಂತು. ಆ ಮನೆಯಲ್ಲಿ ಚರಗದ ಹಿಂದೆ ನೀರು ಹಾಕುವವಳು ಚೆಲ್ಲುವವನ ಹೆಂಡತಿ ಎಂದು ತಿಳಿದ ಮೇಲೆ ಇನ್ನೇನು ಬಿಡಿಸಿ ಹೇಳಬೇಕು?

"ಯವ್ವಾ! ಅವರನ್ನ ಒಂದ್ ಮಾತ ಕೇಳದ..."

"ನೀ ಕೇಳೋತನಕ ನಾ ಬದುಕಿರಬೇಕಲ್ಲೋ!"

ಮಾಲತೇಶ ಮೊದಲ ಬಾರಿ ಅವಳ ಕಣ್ಣಲ್ಲಿ ಕಣ್ಣಿಟ್ಟ. "ಕೊಡದ ನೀರು ಬಿದ್ದ ದಿನದಿಂದ ನಿಮ್ಮನ್ನ ಬಿಟ್ಟು ಬ್ಯಾರೆ ಧ್ಯಾನ ಇಲ್ಲರಿ ನನಗ. ಆದ್ರ ನಿಮಗ ಮನಸ್ಸಿಲ್ಲಂದ್ರ ತಂಬಿಗಿ ಕೆಳಗಿಡ್ರಿ. ನಾ ಹಿಂದಿರುಗಿ ನೋಡಂಗಿಲ್ಲ. ಸಸಿ ಮಾತ್ರ ಯಾವತ್ತೂ ನಿಮ್ಮವ."

ಹಾಗೆಂದು ಗುಡ್ಡದ ಕಡೆ ತಿರುಗಿ ನಡೆದ. ಒಂದು ಹಿಡಿ ಚೆಲ್ಲಿದ.

"ಹುಲಿಗ್ಯೋ...!"

ಹಿಂದಿನಿಂದ ಸದ್ದಿಲ್ಲ.

ಇನ್ನೊಂದು ಹಿಡಿ. "ಹುಲಿಗ್ಯೋ..."

ಸದ್ದಿಲ್ಲ. ಬುಟ್ಟಿ ಕೈಜಾರುತ್ತಿತ್ತು...

"ಚಳ್ಳಂಬರಿಗ್ಯೋ...!"

ಕುತ್ತಿಗೆಯ ಮೇಲೆ ತಣ್ಣನೆಯ ನೀರು ಬಿದ್ದು ಅವನು ಎಗರಿಬಿದ್ದ! ತಿರುಗಿದರೆ ಅವಳು, ಕಣ್ಣ ತುಂಬ ನೀರು, ತುಟಿಯ ತುಂಬ ನಗು.

"ನೆಲಕ್ಕ ಹಾಕಬೇಕ್ರೀ, ನನ್ನ ಮ್ಯಾಲಲ್ಲ!"

"ಗೊತ್ತೈತ್ರಿ," ಎಂದಳು ನೀಲಾಂಬಿಕಾ, ಮತ್ತೊಮ್ಮೆ ಅಂಗೈಗೆ ನೀರು ಬಗ್ಗಿಸಿಕೊಳ್ಳುತ್ತ. "ನಿಮಗೂ ಬೇರು ಹಿಡೀಲಿ ಅಂತ ಹಾಕೇನಿ."