ಬಿಡುವು ಕೊಡದ ಚಾನೆಲ್

ಇದು ನಡೆದದ್ದು ಬೆಳಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ. ಕತ್ತಲಿಗೆ ಹೆದರಿದೆ ಎನ್ನುವಂತಿಲ್ಲ. ಪ್ರವಾಹಕ್ಕೆ ಫೋನುಗಳೆಲ್ಲ ಸತ್ತಿದ್ದವು. ಆಸ್ಪತ್ರೆಯ ಹಿಂಕೋಣೆಯಲ್ಲಿ ಹ್ಯಾಮ್ ರೇಡಿಯೊಗೆ ಲ್ಯಾಪ್‌ಟಾಪ್ ಜೋಡಿಸಿ, ಹೊಳೆಯಾಚೆ ಇನ್ನೊಂದು ಸೆಟ್ಟಿನ ಮುಂದೆ ಕೂತಿದ್ದ ಅಣ್ಣನಿಗೆ ಎರಡು ಸಾಲು ಟೈಪ್ ಮಾಡಿದೆ: "ಹೆರಿಗೆ ಕಷ್ಟವಾಗಿದೆ. ಡಾಕ್ಟರನ್ನು ದೋಣಿಯಲ್ಲಿ ಕಳಿಸಿ."

ಕಳಿಸುವ ಮುಂಚೆ ಚಾನೆಲ್ ಖಾಲಿಯಿದೆಯೇ ಎಂದು ಕಿವಿಗೊಡಬೇಕು; ಇನ್ನೊಬ್ಬರ ಸಂದೇಶದ ಮೇಲೆ ಬಿದ್ದರೆ ಎರಡೂ ಹಾಳು. ಅಣ್ಣ ಕಲಿಸಿದ ಮೊದಲ ಪಾಠವೇ ಅದು. ಚಾನೆಲ್ ಖಾಲಿಯಿತ್ತು. ಕಳಿಸುವ ಗುಂಡಿಯತ್ತ ಬೆರಳು ಒಯ್ದೆ. ಯಾರದೋ ಸಿಗ್ನಲ್ ಕಿರುಗುಟ್ಟಿತು. ಬೆರಳು ತೆಗೆದೆ, ನಿಂತಿತು. ಮತ್ತೆ ಒಯ್ದೆ, ಮತ್ತೆ ಶುರುವಾಯಿತು. ಆ ಸಿಗ್ನಲ್ಲಿನ ಒಂದಕ್ಷರವೂ ಪರದೆಯ ಮೇಲೆ ಮೂಡಲಿಲ್ಲ.

"ಅಕ್ಕಾ, ಇನ್ನೂ ಕಳಿಸಿಲ್ವಾ?" ನರ್ಸ್ ಬಾಗಿಲಲ್ಲಿ ಅಳುವಂತಿದ್ದಳು.

"ಯಾರೋ ದಾರಿ ಬಿಡ್ತಾನೇ ಇಲ್ಲ ಕಣೇ!"

ನಮ್ಮ ಸೆಟ್ಟಿನದೇ ಗದ್ದಲವಿರಬಹುದೆಂದು ಆಂಟೆನಾದ ತಂತಿ ಕಿತ್ತು ನೋಡಿದೆ. ಸದ್ದು ಇಳಿಯಲಿಲ್ಲ, ಹತ್ತಿರವಾಯಿತು. ಕೈಯಲ್ಲಿದ್ದ ತಂತಿ ಬಾವಿಯಿಂದ ಎತ್ತಿದಷ್ಟು ತಣ್ಣಗಿತ್ತು. ಅದನ್ನು ಮತ್ತೆ ಸಿಕ್ಕಿಸುವಷ್ಟರಲ್ಲಿ ಹೊರಗೆ ದೋಣಿಯ ಮೋಟಾರು ಕೇಳಿಸಿತು.

ಡಾಕ್ಟರು ಒಳಗೆ ಓಡಿದರು. ಹಿಂದೆಯೇ ಅಣ್ಣ ಬಂದ.

"ನಿನ್ನ ಮೆಸೇಜ್ ಸಿಕ್ಕಿದ ಕೂಡ್ಲೇ ಹೊರಟ್ವಿ."

"ಅಣ್ಣಾ, ನಾನಿನ್ನೂ ಕಳಿಸೇ ಇಲ್ಲ!"

ಅವನು ಮೆಸೇಜ್ ಬರೆದುಕೊಂಡ ಕಾಗದವನ್ನು ಜೇಬಿನಿಂದ ತೆಗೆದ. ರೇಡಿಯೊದಲ್ಲಿ ನನ್ನ ಗುರುತಾದ ಕಾಲ್ ಸೈನ್, ನನ್ನವೇ ಎರಡು ಸಾಲು. ಕೆಳಗೆ ನಾನು ಟೈಪ್ ಮಾಡದ ಇನ್ನೂ ಐದಾರು ಸಾಲುಗಳಿದ್ದವು. ಅವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ.

ತಾಯಿ, ಮಗು ಇಬ್ಬರೂ ಉಳಿದರು. ಹನ್ನೊಂದು ವರ್ಷವಾಯಿತು. ಆ ಸಾಲುಗಳಲ್ಲಿ ಏನಿತ್ತೆಂದು ಕೇಳಿದಾಗಲೆಲ್ಲ ಅಣ್ಣ, "ಮಗು ಚೆನ್ನಾಗಿದೆಯಲ್ಲ, ಬಿಡು" ಎನ್ನುತ್ತಾನೆ. ಕಾಗದ ಮಾತ್ರ ಇನ್ನೂ ಅವನ ಹತ್ತಿರವೇ ಇದೆ.