ತಿವಾಕ್ಕೆ ಇಟ್ಟ ಭರಣಿ

ನಡುರಾತ್ರಿ ಟಕ್ ಎಂದು ಸಣ್ಣದೊಂದು ಸದ್ದಾಯಿತು. ಹಲಗೆಗೆ ಪಾತ್ರೆ ತಾಕಿದ ಸದ್ದು. ರಿಂತಿಗೆ ಎಚ್ಚರವಾದರೂ ಏಳಲಿಲ್ಲ. ಅಪ್ಪ ಸತ್ತಾಗಿನಿಂದ ಅವಳಿಗೆ ಯಾವುದನ್ನೂ ಎದ್ದು ನೋಡಬೇಕೆನಿಸುತ್ತಿರಲಿಲ್ಲ. ಪಕ್ಕದಲ್ಲಿ ಅವ್ವ ನಿದ್ದೆಗಣ್ಣಲ್ಲೇ, "ಯಾರಪ್ಪಾ? ಅನ್ನ ಮುಚ್ಚಿಟ್ಟಿದೀನಿ, ಉಣ್ಣು" ಎಂದಳು. ಉತ್ತರ ಬರಲಿಲ್ಲ.

ಬೆಳಗ್ಗೆ ನೋಡಿದರೆ ಮುತ್ತಜ್ಜನ ಕಾಲದ ಭರಣಿ ಇರಲಿಲ್ಲ. ಮುಂದಿನ ವಾರ ಅಪ್ಪನ ಎಲುಬುಗಳನ್ನು ಮಣ್ಣಿನಿಂದ ತೆಗೆದು, ಆತ್ಮವನ್ನು ಹಿರಿಯರ ಊರಿಗೆ ಕಳಿಸಿಕೊಡುವ ತಿವಾ. ಭರಣಿಯಿಲ್ಲದೆ ಅದು ನಡೆಯುವಂತಿರಲಿಲ್ಲ.

ಕಂಬಗಳ ಮೇಲಿನ ಮನೆಯ ಏಣಿಯನ್ನು ರಾತ್ರಿಯೇ ಮೇಲಕ್ಕೆಳೆದಿದ್ದರು. ಉಳಿದದ್ದು ನದಿಯ ಕಡೆಯ ಬಾಗಿಲು. ಅದರ ಕೆಳಗೆ, ಚಾವಣಿಯಿಂದ ಹತ್ತಿ ಬರುವಷ್ಟು ಹತ್ತಿರದಲ್ಲಿ ಕಟ್ಟಿದ್ದು ಪ್ರವಾಸಿಗರಿಗೆ ಒರಾಂಗುಟಾನ್ ತೋರಿಸುವ ದೋಣಿ. ರಿಂತಿ ಅದರ ಗೈಡ್. ದೋಣಿಯಲ್ಲಿ ಮಲಗಿದ್ದವರು ಡಚ್ ಪ್ರವಾಸಿ ವೆರ್ಹೂಫ್, ಜಾವಾದಿಂದ ಹೊಸದಾಗಿ ಬಂದ ಎಂಜಿನ್ ಕೆಲಸದ ಪೈಜೊ, ಚುಕ್ಕಾಣಿ ಹಿಡಿಯುವ ಅವಳ ತಮ್ಮ ಲುಂತಿಂಗ್, ಮತ್ತು ದೆಹೆನ್ ಮಾವ. ಮಾವ ನಿವೃತ್ತ ಪೊಲೀಸ್. ಹೆಂಡತಿ ತೀರಿಕೊಂಡ ಮೇಲೆ ದೋಣಿಯಲ್ಲೇ ಅಡುಗೆ ಮಾಡಿಕೊಂಡು ಇದ್ದುಬಿಟ್ಟಿದ್ದರು. ನದಿಯುದ್ದಕ್ಕೂ ಏನು ಕಳೆದರೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

"ಆ ಬಿಳಿಯನೇ! ನಿನ್ನೆ ಸಂಜೆ ಭರಣೀನ ಸವರಿ ಸವರಿ ನೋಡ್ತಿದ್ದ" ಎಂದು ಊರ ಮುಖ್ಯಸ್ಥ ವೆರ್ಹೂಫ್‌ನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ.

"ಮಾವ, ನೀವೇ ಯಾಕಾಗಿರಬಾರದು?" ಎಂದ ಲುಂತಿಂಗ್.

"ಈ ಮಂಡಿ ನನ್ನನ್ನೇ ಹೊರಲ್ಲ, ಭರಣಿ ಬೇರೆ ಹೊರುತ್ತೇನೋ?"

ರಿಂತಿಯ ಭುಜ ಹಿಡಿದು ಉಸ್ಸೆನ್ನುತ್ತಾ ಮೇಲೆ ಬಂದ ಮಾವ, ಅನ್ನದ ತಟ್ಟೆಯ ಮುಚ್ಚಳ ತೆಗೆದರು. ಯಾರೂ ಉಂಡಿರಲಿಲ್ಲ. ಅನ್ನದ ನಡುವೆ ಬೆರಳ ತುದಿಯಷ್ಟು ಒಂದು ಗುಳಿ.

"ಇದು ನೀನು ಮಾಡಿದ್ದಾ?"

"ಇಲ್ಲ ಮಾವ. ಅವ್ವನೂ ಮುಟ್ಟಿಲ್ಲವಂತೆ."

"ನಿನ್ನೆ ಊಟಕ್ಕೆ ಕರೆದಾಗ ಏನಾಯ್ತು?"

ರಿಂತಿ ನೆನಪಿಸಿಕೊಂಡಳು. ವೆರ್ಹೂಫ್ ಹೊಟ್ಟೆ ಸರಿಯಿಲ್ಲವೆಂದು ತಟ್ಟೆ ಸರಿಸಿದ್ದ. ಪೈಜೊ ಹಸಿವಿಲ್ಲವೆಂದು ಎದ್ದಿದ್ದ. ಕೊಟ್ಟ ಅನ್ನ ಮುಟ್ಟದೆ ಹೋದವರಿಗೆ ದಾರಿಯಲ್ಲಿ ಹಾವೋ ಮೊಸಳೆಯೋ ಕಾದಿರುತ್ತದೆ ಎಂಬುದು ಊರ ನಂಬಿಕೆ. "ಬೆರಳಲ್ಲಿ ಮುಟ್ಟಿ ತುಟಿಗಾದ್ರೂ ಒತ್ಕೊಳ್ಳೋ!" ಎಂದು ರಿಂತಿ ಅವನಿಗೆ ಕೂಗಿದ್ದಳು. "ನಿಮ್ಮ ಮೊಸಳೆಗೆ ಜಾವಾದವರು ರುಚಿಸಲ್ಲ ಕಣಕ್ಕಾ" ಎಂದು ಪೈಜೊ ನಕ್ಕು ಹೋಗಿದ್ದ.

ಮಾವ ಮನೆಯವರನ್ನು ಮಾತ್ರ ಒಳಗೆ ಕೂರಿಸಿ ಬಾಗಿಲು ಹಾಕಿದರು.

"ಬಂದವನು ದೋಣಿಯವನು. ಅವ್ವ ಉಣ್ಣು ಅಂದಾಗ ಬಾಯಿ ಬಿಟ್ಟರೆ ಗುರುತು ಸಿಗ್ತಿತ್ತು, ಸುಮ್ಮನಿದ್ದ. ಆದರೆ ಮುಟ್ಟದೆ ಹೋಗೋ ಧೈರ್ಯ ಬರಲಿಲ್ಲ. ವೆರ್ಹೂಫ್‌ಗೆ ನಮ್ಮ ಮಾತೇ ಬರಲ್ಲ. ಪೈಜೊಗೆ ಭಯವಿಲ್ಲ. ಉಳಿದವನು ಒಬ್ಬನೇ. ಭರಣಿ ಎಲ್ಲಿದೆ ಲುಂತಿಂಗ್?"

"ಬಲೆ ರಾಶಿಯ ಕೆಳಗೆ." ಅವನ ದನಿಯಲ್ಲಿ ಏನೂ ಇರಲಿಲ್ಲ. "ತಿವಾ ಆದ್ಮೇಲೆ ಅಪ್ಪ ಹೋಗಿಬಿಡ್ತಾರೆ. ಈಗ ಇಲ್ಲೇ ಎಲ್ಲೋ ಇದಾರೆ ಅನ್ಸುತ್ತೆ."

"ನನಗೂ ಅನ್ಸುತ್ತೆ ಕಣೋ. ಅದಕ್ಕೇ ಕಳಿಸ್ಬೇಕು" ಎಂದಳು ಅವ್ವ.

ಯಾರೂ ಅಳಲಿಲ್ಲ. ಊರಿಗೆ ಗೊತ್ತಾದರೆ ಪಂಚಾಯಿತಿ ಸೇರಿ, ಅಪ್ಪನ ಎಲುಬು ಹೊರಲು ಲುಂತಿಂಗ್‌ಗೆ ಬಿಡುವುದಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. ಮಾವ ರಿಂತಿಯನ್ನು ನೋಡಿದರು. ಅವಳು ಬಾಗಿಲು ತೆರೆದಳು.

"ಸಿಕ್ತು. ಅವ್ವ ಒರೆಸೋಕೆ ತೆಗೆದು ಒಳಗಿಟ್ಟು ಮರೆತಿದ್ಲು. ಪಾಸ್‌ಪೋರ್ಟ್ ಕೊಟ್ಬಿಡಿ."

"ಏನಜ್ಜಿ, ನಾಳೆ ನಮ್ಮನ್ನೂ ಎಲ್ಲಾದ್ರೂ ಇಟ್ಟು ಮರೀತೀಯಾ!" ಎಂದು ಮುಖ್ಯಸ್ಥ ನಕ್ಕ. ಅವ್ವ ತಲೆ ತಗ್ಗಿಸಿ ಆ ನಗುವನ್ನು ಕೇಳಿಸಿಕೊಂಡಳು.

ಅಷ್ಟೇನಾ ಎಂದು ವೆರ್ಹೂಫ್ ಕೇಳಿದ. ಅಷ್ಟೇ ಎಂದಳು ರಿಂತಿ. ಇವನಿಗಷ್ಟೇ ಅಲ್ಲ, ಮುಂದೆ ಯಾರು ಕೇಳಿದರೂ ಇಷ್ಟೇ ಎಂದು ತೀರ್ಮಾನಿಸಿ ದೋಣಿಯ ಹಗ್ಗ ಬಿಚ್ಚಿದಳು.